ದಡ್ಡರ ಬೆಂಚಿನಿಂದ

ಶಾಲೆ ನಮಗೆ ಕೊಟ್ಟ ಮೊದಲ ಹೆಸರು ದಡ್ಡ. ಅಪ್ಪ ಅವ್ವ ಇಟ್ಟ ಹೆಸರನ್ನು ಹಾಜರಿ ಕೂಗುವಾಗ ದಿನಕ್ಕೊಂದು ಸಲ ಕರೆಯುತ್ತಿದ್ದರು. ದಡ್ಡ ಅನ್ನುವುದನ್ನು ಹತ್ತು ಸಲ ಕರೆಯುತ್ತಿದ್ದರು. ಹೆಸರಿಗೇನು ಬರ ನಮಗೆ? ದಡ್ಡ, ಪೆದ್ದ, ಮಂಕ, ಮೊದ್ದು, ತಿಕ್ಕಲು, ಅರೆಮರುಳು. ಸಾವಿರಾರು ವರ್ಷದ ಭಾಷೆ ಅಂತ ಹೆಮ್ಮೆಪಡುತ್ತೇವಲ್ಲ, ಆ ಭಾಷೆಯಲ್ಲಿ ನಮ್ಮನ್ನು ಬಯ್ಯದೆ ಕರೆಯುವ ಒಂದು ಪದ ಹುಡುಕಿದರೆ ಕೈಗೆ ಸಿಗುವುದಿಲ್ಲ. ಇದು ನಮಗೆ ಹೊಸದೇನಲ್ಲ. ನಾವು ಹುಟ್ಟಿದ ಜಾತಿಯ ಹೆಸರನ್ನೇ ಬಯ್ಗುಳ ಮಾಡಿಕೊಂಡ ನಾಡು ಇದು. ಒಂದು ಬಯ್ಗುಳ ಹೊತ್ತವರ ತಲೆ ಮೇಲೆ ಇನ್ನೊಂದನ್ನು ಇಡಲು ಯಾರೂ ಹಿಂದೆಮುಂದೆ ನೋಡಲಿಲ್ಲ.

ನಾವು ಅಂದರೆ ಮೂವರು. ಒಂದೇ ತಾಲ್ಲೂಕಿನ ಮೂರು ಊರಿನವರು, ಒಂದೇ ಸರ್ಕಾರಿ ಕಾಲೇಜಿನಲ್ಲಿ ಬಿ.ಎ. ಮಾಡಿದವರು. ಮೂವರ ಮನೆಯಲ್ಲೂ ಡಿಗ್ರಿ ಅನ್ನುವುದು ನಮ್ಮಿಂದಲೇ ಶುರು. ಒಬ್ಬನಿಗೆ ಹಾಳೆ ಮೇಲೆ ಅಕ್ಷರ ನಿಲ್ಲುವುದಿಲ್ಲ. ಕವಿತೆ ಕಟ್ಟುತ್ತಾನೆ, ಆದರೆ ಎರಡು ಪುಟ ಓದುವಷ್ಟರಲ್ಲಿ ಬೆವರುತ್ತಾನೆ. ಇನ್ನೊಬ್ಬ ಕೂತ ಕಡೆ ಕೂರಲಾರ, ಹಿಡಿದ ಕೆಲಸ ಮುಗಿಯುವ ಮೊದಲೇ ಇನ್ನೊಂದಕ್ಕೆ ಕೈ ಹಾಕಿರುತ್ತಾನೆ. ಮೂರನೆಯವಳು ಮಾತಾಡುವವರ ಕಣ್ಣು ನೋಡಲಾರಳು. ಜಾತ್ರೆಯ ಗದ್ದಲವಿರಲಿ, ಟ್ಯೂಬ್‌ಲೈಟಿನ ಗುಂಯ್ ಅನ್ನುವ ಸದ್ದು ಕೂಡ ಅವಳ ಮೈಮೇಲೆ ಕೆಂಡ ಸುರಿದ ಹಾಗೆ. ಡಾಕ್ಟರ ಪುಸ್ತಕದಲ್ಲಿ ಇವಕ್ಕೆ ಡಿಸ್ಲೆಕ್ಸಿಯಾ, ಎಡಿಎಚ್‌ಡಿ, ಆಟಿಸಂ ಅನ್ನುತ್ತಾರೆ. ಮೂರನ್ನೂ ಒಂದೇ ಸೂರಿನಡಿ ತರುವ ಪದ ನ್ಯೂರೋಡೈವರ್ಜೆಂಟ್. ಮಿದುಳಿನ ನಡೆ ಬಹುಪಾಲು ಜನರ ನಡೆಗಿಂತ ಬೇರೆಯಾಗಿರುವವರು ಎಂದರ್ಥ. ೨೦೦೦ದ ಸುಮಾರಿಗೆ ಅಮೆರಿಕದ ಕ್ಯಾಸಿಯೇನ್ ಅಸಸುಮಾಸು ಎಂಬ ಹೋರಾಟಗಾರರು ಈ ಪದ ಕಟ್ಟಿದರು. ಅವರೂ ನಮ್ಮಂಥವರೇ. ಡಾಕ್ಟರು ಹಚ್ಚಿದ ಚೀಟಿಯಲ್ಲ ಇದು, ಅದೇ ಬಾಳು ಬಾಳಿದವರು ತಮಗೆ ತಾವೇ ಇಟ್ಟುಕೊಂಡ ಹೆಸರು. ದಲಿತ ಅನ್ನುವ ಪದದ ಬಲ ಗೊತ್ತಿರುವ ನಮಗೆ ಇದರ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಬರಹ ಮೂವರದು. ಒಬ್ಬ ಬಾಯಲ್ಲಿ ಹೇಳಿದ, ಒಬ್ಬಳು ಟೈಪು ಮಾಡಿದಳು, ಇನ್ನೊಬ್ಬ ಕೋಣೆ ತುಂಬ ಓಡಾಡುತ್ತಲೇ ತಿದ್ದಿದ.

೦

ಅಕ್ಷರದ ಕತೆ ಮೊದಲು ಹೇಳಬೇಕು. ಕನ್ನಡ ವರ್ಣಮಾಲೆಯಲ್ಲಿ ೪೯ ಅಕ್ಷರ. ೩೪ ವ್ಯಂಜನಕ್ಕೂ ಕಾಗುಣಿತ ಹಾಕಿದರೆ ನಾನೂರಕ್ಕೂ ಮಿಕ್ಕಿದ ರೂಪ. ಅದರ ಕೆಳಗೆ ಒತ್ತಕ್ಷರ. 'ಪ'ದ ಹೊಟ್ಟೆಗೆ ಒಂದು ಗೆರೆ ಎಳೆದರೆ 'ಷ', ಕೆಳಗೆ ಸೀಳಿದರೆ 'ಫ'. 'ಧ'ದ ಒಳಗೆ ಚುಕ್ಕೆ ಇಟ್ಟರೆ 'ಥ'. ಎಲ್ಲ ಮಕ್ಕಳೂ ಇದರಲ್ಲಿ ಒಂದೆರಡು ವರ್ಷ ಎಡವುತ್ತಾರೆ, ಆಮೇಲೆ ದಾರಿ ಹತ್ತುತ್ತಾರೆ. ನಮ್ಮವನಿಗೆ ಏಳನೇ ಕ್ಲಾಸಿಗೂ ಆ ದಾರಿ ಹತ್ತಲಿಲ್ಲ. 'ಮನೆ' ಅಂತ ಬರೆದದ್ದು 'ಯನೆ' ಆಗುತ್ತಿತ್ತು. ಒತ್ತು ಕೊಡುವ ಕಡೆ ಬಿಟ್ಟುಹೋಗುತ್ತಿತ್ತು, ಬೇಡದ ಕಡೆ ಬಂದು ಕೂರುತ್ತಿತ್ತು. ಆದರೆ ಮೇಷ್ಟ್ರು ಒಮ್ಮೆ ಓದಿದ ಪದ್ಯವನ್ನು ಮರುದಿನ ತಪ್ಪಿಲ್ಲದೆ ಹೇಳುತ್ತಿದ್ದ. 'ಬಾಯಿಪಾಠ ಮಾಡ್ಕೊಂಡು ಬಂದು ಮೋಸ ಮಾಡ್ತೀಯಾ' ಅಂತ ಅದಕ್ಕೂ ಏಟು.

ಇದರ ಜೊತೆ ನಮ್ಮ ಕೇರಿಯ ನಾಲಿಗೆ. ನಮ್ಮ ಕಡೆ ಹಾಲು 'ಆಲು', ಹಬ್ಬ 'ಅಬ್ಬ', ಭೂಮಿ 'ಬೂಮಿ'. ಹೇಳಿದ ಹಾಗೆ ಬರೆದರೆ ಅದೂ ತಪ್ಪು. ಬಹುಪಾಲು ಕನ್ನಡಿಗರ ಉಚ್ಚಾರದಲ್ಲಿ ಮಹಾಪ್ರಾಣವೇ ಇಲ್ಲ, ಬರವಣಿಗೆಯಲ್ಲಿ ಯಾಕೆ ಬೇಕು ಅಂತ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಪುಸ್ತಕ ಬರೆದು ಕೇಳಿದರು. ಅವರ ಪ್ರಶ್ನೆ ನಮ್ಮ ಶಾಲೆಯ ಗೋಡೆ ದಾಟಿ ಒಳಗೆ ಬರಲಿಲ್ಲ. ಮಿದುಳಿನ ನಡೆಯಿಂದ ಬಂದ ತಪ್ಪು ಒಂದು, ಕೇರಿಯ ಮಾತಿನಿಂದ ಬಂದ 'ತಪ್ಪು' ಇನ್ನೊಂದು. ಕೆಂಪು ಶಾಯಿ ಎರಡನ್ನೂ ಒಂದೇ ಮಾಡಿತು. 'ನಿಮ್ಮ ಕೇರಿಯೋರ ನಾಲ್ಗೆಗೇ ಅಕ್ಷರ ಹತ್ತಲ್ಲ ಕಣೋ, ನೀನ್ಯಾಕೆ ಒದ್ದಾಡ್ತೀಯ' ಅಂದರು ಒಬ್ಬ ಮೇಷ್ಟ್ರು. ಅದೇ ಕ್ಲಾಸಿನಲ್ಲಿ ಊರಿನ ದೊಡ್ಡ ಮನೆಯ ಹುಡುಗನೂ ಹೀಗೇ ಬರೆಯುತ್ತಿದ್ದ. ಅವನ ಅಪ್ಪನನ್ನು ಕರೆಸಿ, 'ಹುಡುಗ ಚುರುಕಿದಾನೆ, ಏನೋ ತೊಂದರೆ ಇರಬೇಕು, ಮೈಸೂರಿಗೆ ಕರ್ಕೊಂಡೋಗಿ ತೋರಿಸಿ' ಅಂದರು. ಒಂದೇ ತಪ್ಪು, ಎರಡು ತೀರ್ಪು. ಅವನದು ಕಾಯಿಲೆ, ನಮ್ಮದು ಜಾತಿ.

ಇದು ಒಬ್ಬ ಮೇಷ್ಟ್ರ ಕೆಟ್ಟತನದ ಮಾತಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಇದರ ಬೇರು ವಿಜ್ಞಾನದ ಪುಸ್ತಕದೊಳಗೂ ಇಳಿದಿದೆ. ೧೮೯೬ರಲ್ಲಿ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಎಂಬ ಡಾಕ್ಟರು ೧೪ ವರ್ಷದ ಹುಡುಗನೊಬ್ಬನ ಬಗ್ಗೆ ವೈದ್ಯ ಪತ್ರಿಕೆಯಲ್ಲಿ ಬರೆದರು. ಹುಡುಗ ಚುರುಕು, ಆದರೆ ಓದು ಬರೆಹ ಮಾತ್ರ ಹತ್ತದು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಇಡೀ ಶಾಲೆಗೆ ಇವನೇ ಜಾಣ ಅಂತ ಅವನ ಮೇಷ್ಟ್ರು ಹೇಳಿದ್ದನ್ನೂ ಡಾಕ್ಟರು ಬರೆದಿಟ್ಟರು. ನೂರಾ ಇಪ್ಪತ್ತು ವರ್ಷದ ಮೇಲಾಯಿತು. ನಮ್ಮ ಮೇಷ್ಟ್ರಿಗೆ ಹೊಳೆಯದ್ದು ಆ ಮೇಷ್ಟ್ರಿಗೆ ಆಗಲೇ ಹೊಳೆದಿತ್ತು. ಆಮೇಲೆ ೧೯೬೮ರಲ್ಲಿ ನರರೋಗ ತಜ್ಞರ ವಿಶ್ವ ಒಕ್ಕೂಟ ಡಿಸ್ಲೆಕ್ಸಿಯಾಕ್ಕೆ ಒಂದು ವ್ಯಾಖ್ಯೆ ಕೊಟ್ಟಿತು. ಸರಿಯಾದ ಪಾಠ, ಸಾಕಷ್ಟು ಬುದ್ಧಿ, ಸಾಮಾಜಿಕ ಸಾಂಸ್ಕೃತಿಕ ಅವಕಾಶ ಎಲ್ಲ ಇದ್ದೂ ಓದು ಬಾರದಿದ್ದರೆ ಮಾತ್ರ ಅದು ಡಿಸ್ಲೆಕ್ಸಿಯಾ. ಅವಕಾಶವೇ ಇಲ್ಲದವನಿಗೆ? ಅವನದು ಡಿಸ್ಲೆಕ್ಸಿಯಾ ಅಲ್ಲ, ಬರೀ ಬಡತನ! ಒಂದೇ ಮೈಯಲ್ಲಿ ಎರಡೂ ಇರಬಹುದು ಅನ್ನುವುದಕ್ಕೆ ಆ ವ್ಯಾಖ್ಯೆಯಲ್ಲಿ ಜಾಗವಿರಲಿಲ್ಲ.

ಆಟಿಸಂ ಕತೆಯೂ ಅಷ್ಟೇ. ಲಿಯೋ ಕ್ಯಾನರ್ ೧೯೪೩ರಲ್ಲಿ ೧೧ ಮಕ್ಕಳನ್ನು ನೋಡಿ ಬರೆದ ಪ್ರಬಂಧ ಹೆಸರಾದದ್ದು. ಆ ಮಕ್ಕಳ ಅಪ್ಪ ಅಮ್ಮಂದಿರಲ್ಲಿ ಬಹುಪಾಲು ಹೆಚ್ಚು ಓದಿದವರು ಅಂತ ಅವರು ಗುರುತು ಹಾಕಿಕೊಂಡರು. ಆಟಿಸಂ ಅಂದರೆ ಓದಿದ ಮನೆತನದ ವಿಚಾರ ಅನ್ನುವ ನಂಬಿಕೆ ಬಹಳ ಕಾಲ ಉಳಿಯಿತು. ಅಂಥ ದೊಡ್ಡ ಡಾಕ್ಟರ ಬಾಗಿಲಿಗೆ ಹೋಗಲು ಬಡವರಿಗೆ ದಾರಿ ಎಲ್ಲಿತ್ತು ಅಂತ ಕೇಳಲು ತಡವಾಯಿತು. ಬುದ್ಧಿ ಅಳೆಯುವ ಪರೀಕ್ಷೆಯ ಕತೆ ಇನ್ನೂ ಕೆಟ್ಟದ್ದು. ೧೯೦೫ರಲ್ಲಿ ಪ್ಯಾರಿಸಿನ ಬಿನೆ ಅದನ್ನು ಮಾಡಿದ್ದು ಯಾವ ಮಗುವಿಗೆ ಹೆಚ್ಚಿನ ಸಹಾಯ ಬೇಕು ಅಂತ ಕಂಡುಕೊಳ್ಳಲು. ಅಮೆರಿಕದ ಗಾಡರ್ಡ್ ಅದನ್ನು ಎತ್ತಿಕೊಂಡು ಹೋಗಿ ೧೯೧೦ರಲ್ಲಿ 'ಮೊರಾನ್' ಎಂಬ ಹೊಸ ಪದ ಹುಟ್ಟಿಸಿ, ಮನುಷ್ಯರನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದ. ಜಾತಿ ಕೆಲಸದ ವಿಂಗಡಣೆಯಲ್ಲ, ಕೆಲಸಗಾರರನ್ನೇ ಮೇಲೆ ಕೆಳಗೆ ಜೋಡಿಸಿದ ವಿಂಗಡಣೆ ಅಂತ ಅಂಬೇಡ್ಕರ್ ೧೯೩೬ರಲ್ಲಿ ತೋರಿಸಿಕೊಟ್ಟರಲ್ಲ, ಅದನ್ನು ಓದಿದವರಿಗೆ ಈ ಮೆಟ್ಟಿಲುಗಳ ಗುರುತು ಬೇಗ ಸಿಗುತ್ತದೆ. ಇವತ್ತು 'ಮೆರಿಟ್, ಮೆರಿಟ್' ಅಂತ ಬಡಿದುಕೊಳ್ಳುವವರ ಕೈಯಲ್ಲಿರುವುದೂ ಅದೇ ಏಣಿ.

೦

ನಮ್ಮ ಮನೆಗಳ ಕಡೆ ಒಂದಿಷ್ಟು ನೋಡಿ. ನಮ್ಮವ್ವಂದಿರು ಹೆಬ್ಬೆಟ್ಟು. ನಾಟಿಗೆ ಇಳಿದು ಪದ ಎತ್ತಿದರೆ ಹೊತ್ತು ಮುಳುಗಿದರೂ ಪದ ಮುಗಿಯುವುದಿಲ್ಲ. ನಮ್ಮ ಸೀಮೆಯಲ್ಲಿ ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿ ಕತೆ ಹೇಳುತ್ತಾರೆ, ದೇವರಗುಡ್ಡರು ಮಾದಪ್ಪನ ಕತೆ ಹೇಳುತ್ತಾರೆ. ರಾತ್ರಿ ಕಳೆದು ಬೆಳಗಾದರೂ ಕತೆ ಇನ್ನೂ ಇರುತ್ತದೆ, ಮುಂದೆ ಪುಸ್ತಕ ಇರುವುದಿಲ್ಲ. ವಿದ್ಯೆ ಗಂಟಲಲ್ಲಿ ಇರುವ ಕಡೆ ಡಿಸ್ಲೆಕ್ಸಿಯಾಕ್ಕೆ ಎಡವಲು ಕಲ್ಲೇ ಸಿಗುವುದಿಲ್ಲ. ಕುರಿ ಹಿಂದೆ ಹತ್ತು ಮೈಲಿ ಸುತ್ತುವ ಕಡೆ 'ಕೂತ ಕಡೆ ಕೂರಲ್ಲ' ಅನ್ನುವುದು ದೂರಲ್ಲ. ಮಿದುಳು ಬೇರೆ ಇರುವುದು ಹುಟ್ಟಿನಿಂದ. ಅದು ಎಲ್ಲಿ ಕುಂಟುತ್ತದೆ, ಎಲ್ಲಿ ಓಡುತ್ತದೆ ಅನ್ನುವುದನ್ನು ನಾವು ಕಟ್ಟಿದ ರಸ್ತೆ ತೀರ್ಮಾನ ಮಾಡುತ್ತದೆ.

ಹಾಗಂತ ಶಾಲೆ ಬೇಡ, ಹಾಡಿಕೊಂಡಿರಿ ಅಂತ ಯಾರಾದರೂ ಹೇಳಿದರೆ ಅವರಿಗೆ ದೊಡ್ಡ ನಮಸ್ಕಾರ. ಅಂಬೇಡ್ಕರ್ ಕೂರಲು ಗೋಣಿಚೀಲವನ್ನು ಮನೆಯಿಂದ ಹೊತ್ತು ಶಾಲೆಗೆ ಹೋದವರು. ನಮ್ಮ ಅಪ್ಪಂದಿರು ಸಾಲ ಮಾಡಿ ನಮಗೆ ಪೆನ್ನು ಕೊಟ್ಟವರು. ಅಕ್ಷರ ನಮ್ಮ ಪಾಲಿಗೆ ಗೆದ್ದುಕೊಂಡ ನೆಲ. ಅದಕ್ಕೇ ಅಲ್ಲಿ ಬೀಳುವ ನೋವು ಬೇರೆಯವರದಕ್ಕಿಂತ ದೊಡ್ಡದು. ದೊಡ್ಡ ಮನೆಯ ಹುಡುಗ ಫೇಲಾದರೆ ಅವನೊಬ್ಬ ಫೇಲು. ನಾವು ಫೇಲಾದರೆ ಇಡೀ ಕೇರಿ ಫೇಲು. 'ಇವರಿಗೆ ಎಷ್ಟು ಸವಲತ್ತು ಕೊಟ್ಟರೂ ಅಷ್ಟೇ' ಅನ್ನುವ ಬಾಯಿ ಸಿದ್ಧವಾಗಿ ಕಾದಿರುತ್ತದೆ. ಆ ಬಾಯಿಗೆ ಹೆದರಿ ನಾವು ರಾತ್ರಿಯೆಲ್ಲ ಓದಿದ್ದೇವೆ. ಒಬ್ಬರು ಒಂದು ಗಂಟೆಯಲ್ಲಿ ಓದುವುದನ್ನು ನಾಲ್ಕು ಗಂಟೆ ಕೂತು ಓದಿ, ಒಬ್ಬರಿಂದೊಬ್ಬರು ಓದಿಸಿಕೊಂಡು, ಪಾಸಾಗಿದ್ದೇವೆ. ಈ ಡಿಗ್ರಿಗೆ ನಾವು ಕೊಟ್ಟ ಬೆಲೆ ಅಂಕಪಟ್ಟಿಯಲ್ಲಿ ಇಲ್ಲ.

೦

ನಮಗೆ ಹೆಸರು ಸಿಕ್ಕಿದ್ದು ಡಿಗ್ರಿ ಮುಗಿದ ಮೇಲೆ. ಬಿ.ಎಡ್. ಓದುತ್ತಿದ್ದ ಗೆಳತಿಯೊಬ್ಬಳು ತನ್ನ ಪಠ್ಯದ ಒಂದು ಪಾಠ ಓದಿ ಹೇಳುತ್ತಿದ್ದಳು. ಅರ್ಧ ಕೇಳುವಷ್ಟರಲ್ಲಿ ನಮ್ಮ ಮೂವರ ಮುಖ ಬೇರೆಯಾಯಿತು. ನಮ್ಮ ಬಾಲ್ಯವನ್ನು ಯಾರೋ ಗೋಡೆಯಾಚೆ ನಿಂತು ನೋಡಿ ಬರೆದ ಹಾಗಿತ್ತು. ಆಮೇಲೆ ಕಾಯ್ದೆ ಏನಿದೆ ಅಂತ ಹುಡುಕಿದೆವು. ೧೯೯೫ರ ಕಾಯ್ದೆಯಲ್ಲಿ ೭ ಬಗೆಯ ಅಂಗವಿಕಲತೆ ಮಾತ್ರ ಇತ್ತು. ೨೦೧೬ರ ಕಾಯ್ದೆಯಲ್ಲಿ ೨೧ ಆಯಿತು, ೨೦೧೭ರ ಏಪ್ರಿಲ್ ೧೯ರಿಂದ ಜಾರಿಗೆ ಬಂತು. ಆಟಿಸಂ ಸೇರಿತು, ನಿರ್ದಿಷ್ಟ ಕಲಿಕಾ ನ್ಯೂನತೆ ಅನ್ನುವ ಹೆಸರಿನಲ್ಲಿ ಡಿಸ್ಲೆಕ್ಸಿಯಾ ಸೇರಿತು. ಎಡಿಎಚ್‌ಡಿ ಆ ಪಟ್ಟಿಯಲ್ಲಿಲ್ಲ. ನಮ್ಮ ಮೂವರಲ್ಲಿ ಇಬ್ಬರು ಕಾಯ್ದೆಯ ಒಳಗೆ, ಒಬ್ಬ ಹೊರಗೆ. ಒಳಗಿರುವವರಿಗೂ ಮೀಸಲಾತಿ ಬೇಕಾದರೆ ಶೇ. ೪೦ರಷ್ಟು ನ್ಯೂನತೆ ಇದೆ ಅಂತ ಸರ್ಟಿಫಿಕೇಟು ಬೇಕು. ಕಾಯ್ದೆ ಹೇಳುವ ಶೇ. ೪ರ ಸರ್ಕಾರಿ ಹುದ್ದೆಯಲ್ಲಿ ಶೇ. ೧ ಮಾತ್ರ ಆಟಿಸಂ, ಬೌದ್ಧಿಕ ನ್ಯೂನತೆ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ಬಹುನ್ಯೂನತೆ ಎಲ್ಲರಿಗೂ ಸೇರಿ. ಆದರೆ ೨೦೨೧ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಒಂದು ದೊಡ್ಡ ಮಾತು ಹೇಳಿತು. ಬರೆಯಲು ಕೈ ಸಹಕರಿಸದ ಅಭ್ಯರ್ಥಿಗೆ ಪರೀಕ್ಷೆಯಲ್ಲಿ ಬರೆದುಕೊಡುವವರು ಬೇಕು ಅಂದರೆ, ಶೇ. ೪೦ ಇಲ್ಲ ಅಂತ ನಿರಾಕರಿಸುವ ಹಾಗಿಲ್ಲ. ಅನುಕೂಲ ಮಾಡಿಕೊಡುವುದು ದಾನವಲ್ಲ, ಹಕ್ಕು.

ಸರ್ಟಿಫಿಕೇಟಿನ ಮಾತು ಎತ್ತಿದ್ದೇ ಮನೆಯಲ್ಲಿ ಜಗಳ. 'ಒಂದು ಸರ್ಟಿಫಿಕೇಟು ತೋರ್ಸಿ ತೋರ್ಸೇ ನಿಮ್ಮಪ್ಪನ ಆಯಸ್ಸು ಮುಗೀತು. ಈಗ ತಲೆ ಸರಿಯಿಲ್ಲ ಅಂತ ಇನ್ನೊಂದು ತತ್ತೀಯೇನ್ಲಾ? ನಾಳೆ ನಿನ್ನ ತಂಗೀನ ಯಾರ್ ಮಾಡ್ಕೊಂಡಾರು?' ಅಂತ ಅವ್ವ ಅತ್ತಳು. ಅವಳ ಅಳುವಿನಲ್ಲಿ ಸುಳ್ಳಿರಲಿಲ್ಲ. ಆಫೀಸಿನಲ್ಲಿ ಕೇಳುವ ಮಾತೂ ನಮಗೆ ಮೊದಲೇ ಗೊತ್ತಿತ್ತು: 'ಮೀಸಲಾತಿ ಮೇಲೆ ಮೀಸಲಾತಿಯೋ?' ಮೂವರೂ ಕೂತು ಯೋಚನೆ ಮಾಡಿದೆವು. ಒಬ್ಬ ಪರೀಕ್ಷೆ ಮಾಡಿಸಿ ಸರ್ಟಿಫಿಕೇಟು ತೆಗೆದುಕೊಂಡ. ಅವಳು ಸದ್ಯಕ್ಕೆ ಬೇಡ ಅಂದಳು, ಹೆಣ್ಣಿಗೆ ಆ ಕಾಗದ ಎರಡು ಕಡೆ ಕೊಯ್ಯುತ್ತದೆ ಅಂತ. ಮೂರನೆಯವನಿಗೆ ಆ ಆಯ್ಕೆಯೇ ಇಲ್ಲ. ಮೂವರ ತೀರ್ಮಾನವೂ ಸರಿಯೇ. ಕಾಗದ ಬಂದಾಗ ಅವ್ವನಿಗೆ ಹೇಳಿದ್ದು ಇಷ್ಟು: 'ಅವ್ವ, ಇದು ತಲೆ ಸರಿಯಿಲ್ಲ ಅಂತಲ್ಲ. ಹನ್ನೆರಡು ವರ್ಷ ನಾನು ಸೋಮಾರಿ ಅಂತ ಹೊಡೆದರಲ್ಲ, ಅದು ಸುಳ್ಳು ಅಂತ ಬರೆದು ಸೀಲು ಹಾಕಿದಾರೆ.' ಅವಳು ಬಹಳ ಹೊತ್ತು ಆ ಸೀಲನ್ನು ಬೆರಳಲ್ಲಿ ಸವರಿದಳು.

೦

ಕೆಲಸದ ಮಾತಿಗೆ ಬರೋಣ. ಸ್ವಾಭಿಮಾನದ ಪರೀಕ್ಷೆ ನಡೆಯುವುದು ಸಂಬಳ ಕೊಡುವ ಜಾಗದಲ್ಲಿ.

ಕವಿತೆ ಕಟ್ಟುವವನು ಒಂದು ಖಾಸಗಿ ಗೋದಾಮಿನಲ್ಲಿ ಸರಕಿನ ಲೆಕ್ಕ ಇಡುತ್ತಾನೆ. ಚೀಟಿಗಳೆಲ್ಲ ಇಂಗ್ಲಿಷು, ಸಣ್ಣ ಅಕ್ಷರ. ಸೂಪರ್‌ವೈಸರು ತಪ್ಪುಗಳನ್ನು ಎಲ್ಲರೆದುರು ಗಟ್ಟಿಯಾಗಿ ಓದಿ ನಗಿಸುತ್ತಿದ್ದ. ಆರು ತಿಂಗಳಾದ ಮೇಲೆ ನಮ್ಮವನು ಅವನ ಮುಂದೆ ನಿಂತು ಹೇಳಿದ: 'ಸಾರ್, ನಂಗೆ ಓದೋದು ನಿಧಾನ. ಬಾಯಲ್ಲಿ ಹೇಳಿ, ಒಂದೂ ಮರೆಯಲ್ಲ. ರ‍್ಯಾಕಿಗೆ ಬಣ್ಣದ ಟೇಪು ಹಚ್ಚಕ್ಕೆ ಬಿಡಿ.' ಕೆಂಪು, ಹಸಿರು, ಹಳದಿ ಟೇಪಿನ ಖರ್ಚು ಇನ್ನೂರು ರೂಪಾಯಿ ದಾಟಲಿಲ್ಲ. ಚೀಟಿಯನ್ನು ಫೋನಿನ ಕ್ಯಾಮೆರಾಗೆ ಹಿಡಿದರೆ ಅದೇ ಓದಿ ಹೇಳುತ್ತದೆ. ತಪ್ಪು ಇಳಿಯಿತು. ಆದರೆ ನಾವು ಹೇಳಬೇಕಾದ್ದು ಅದಲ್ಲ. ಅಲ್ಲಿ ಮೂಟೆ ಹೊರುವ ಹಮಾಲರಿದ್ದರು. ಅವರಲ್ಲಿ ಹಲವರಿಗೆ ಓದು ಬಾರದು, ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ. ಟೇಪು ಬಂದ ವಾರದಲ್ಲೇ ಅವರು ಯಾರನ್ನೂ ಕೇಳದೆ ಸರಿಯಾದ ರ‍್ಯಾಕಿಗೆ ಮೂಟೆ ಇಳಿಸತೊಡಗಿದರು. ಒಬ್ಬನಿಗಾಗಿ ಅಗಲ ಮಾಡಿದ ಬಾಗಿಲಲ್ಲಿ ಹತ್ತು ಜನ ತಲೆ ಬಗ್ಗಿಸದೆ ಒಳಗೆ ಬಂದರು.

ಅವಳ ಕತೆ ಬೇರೆ. ನಾಲ್ಕು ಇಂಟರ್‌ವ್ಯೂನಲ್ಲಿ ಅವಳನ್ನು ಬಿಟ್ಟರು. ಒಂದು ಕಡೆ ಬಾಯಿಬಿಟ್ಟೇ ಹೇಳಿದರು, ಕಣ್ಣಿಟ್ಟು ಮಾತಾಡಲ್ಲ, ಏನೋ ಮುಚ್ಚಿಡ್ತಾಳೆ ಅಂತ. ಊರಿನಲ್ಲಿ ಜಮೀನ್ದಾರನ ಮುಂದೆ ನಮ್ಮ ಹೆಣ್ಣುಮಕ್ಕಳು ಕಣ್ಣೆತ್ತಿದರೆ ಸೊಕ್ಕು. ಪಟ್ಟಣದ ಕುರ್ಚಿ ಮುಂದೆ ಕಣ್ಣಿಳಿಸಿದರೆ ಕಳ್ಳತನ. ಎಲ್ಲಿ ನೋಡಬೇಕು ಸ್ವಾಮಿ ನಾವು? ಐದನೆಯ ಕಡೆ ಲೆಕ್ಕಪತ್ರದ ಕೆಲಸ ಸಿಕ್ಕಿತು. ಕಿಟಕಿ ಪಕ್ಕದ ಮೂಲೆ ಕೇಳಿ ಪಡೆದಳು, ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾಳೆ, ನಾಳೆಯ ಕೆಲಸವನ್ನು ಇವತ್ತೇ ಬರೆದುಕೊಡಿ ಅಂತ ಕೇಳುತ್ತಾಳೆ. ಮೂರನೆಯವನು ಬೈಕಿನಲ್ಲಿ ಪಾರ್ಸೆಲ್ ಮುಟ್ಟಿಸುತ್ತಾನೆ. ಓಡಾಟದ ಕೆಲಸ ಅವನಿಗೆ ಒಗ್ಗಿದೆ. ಮರೆವಿಗೆ ಮದ್ದು ಅಂತ ಮೂರು ಅಲಾರಂ, ಅಂಗೈಯಲ್ಲಿ ಪೆನ್ನಿನ ಬರಹ, ಬಾಗಿಲ ಮೊಳೆಗೆ ಕೀಲಿ.

ಇವೆಲ್ಲಕ್ಕಿಂತ ದೊಡ್ಡ ಕೆಲಸ ವೇಷ ಹಾಕುವುದು. ಎಲ್ಲರೂ ನಕ್ಕಾಗ ಅರ್ಥವಾಗದಿದ್ದರೂ ನಗುವುದು. ಓದಿದವರ ಹಾಗೆ ಹಾಳೆ ತಿರುವುವುದು. ಕಾಲು ಕುಣಿಯದ ಹಾಗೆ ಮೇಜಿನಡಿ ಒತ್ತಿಹಿಡಿಯುವುದು. ಪಟ್ಟಣದಲ್ಲಿ ಬಾಡಿಗೆ ಮನೆ ಕೇಳುವಾಗ ಜಾತಿ ಮರೆಮಾಚಿ ಅಭ್ಯಾಸವಿರುವ ನಮಗೆ ಈ ಎರಡನೇ ವೇಷವೂ ಬೇಗ ಬಂತು. ಎರಡು ವೇಷ ಹೊತ್ತು ಮನೆಗೆ ಬಂದ ಮೇಲೆ ಉಣ್ಣಲೂ ತ್ರಾಣ ಉಳಿಯುವುದಿಲ್ಲ. ಈಗ ಒಂದೊಂದಾಗಿ ಕಳಚುತ್ತಿದ್ದೇವೆ. ಮೊದಲು ನಮ್ಮ ನಮ್ಮೊಳಗೆ, ಆಮೇಲೆ ಮನೆಯಲ್ಲಿ, ಈಗ ಇಲ್ಲಿ.

೦

ಕಳಚಿದ ತಕ್ಷಣ ಹೊಸ ವೇಷ ಹಿಡಿದು ಕಾದವರಿದ್ದಾರೆ. ಒಂದು, ದೇವರ ವೇಷ. ನಮ್ಮನ್ನು ಒಂದು ಕಾಲಕ್ಕೆ ಹರಿಜನ ಅಂದರು. ಹರಿಯ ಮಕ್ಕಳಾದರೂ ಬಾವಿಯ ನೀರು ಸಿಗಲಿಲ್ಲ, ಆ ಹೆಸರನ್ನು ನಮ್ಮ ಹಿರಿಯರು ಬಿಸಾಕಿದರು. ೨೦೧೫ರ ಡಿಸೆಂಬರಿನಲ್ಲಿ ಪ್ರಧಾನಿ ರೇಡಿಯೋದಲ್ಲಿ ಅಂಗವಿಕಲರನ್ನು 'ದಿವ್ಯಾಂಗ' ಅಂತ ಕರೆಯೋಣ ಅಂದರು. ಹಲವು ಅಂಗವಿಕಲ ಹೋರಾಟಗಾರರು ಆಗಲೇ ಬೇಡ ಅಂದರು. ದಿವ್ಯ ಅನ್ನುವವರು ಇಳಿಜಾರು ಕಟ್ಟಿಸುವುದನ್ನು ಮರೆಯುತ್ತಾರೆ ಅನ್ನುವುದು ನಮಗೂ ಗೊತ್ತು.

ಇನ್ನೊಂದು, ಪ್ರತಿಭೆಯ ವೇಷ. ೨೦೦೭ರ 'ತಾರೇ ಜಮೀನ್ ಪರ್' ಸಿನಿಮಾ ನೋಡಿ ನಾವೂ ಅತ್ತಿದ್ದೇವೆ. ಆ ಹುಡುಗ ಕೊನೆಗೆ ಚಿತ್ರ ಬರೆದು ಬಹುಮಾನ ಗೆಲ್ಲುತ್ತಾನೆ. ಚಿತ್ರ ಬಾರದಿದ್ದರೆ? ೨೦೧೩ರಲ್ಲಿ ಸ್ಯಾಪ್ ಎಂಬ ಜರ್ಮನಿಯ ಸಾಫ್ಟ್‌ವೇರ್ ಕಂಪನಿ ಆಟಿಸಂ ಇರುವವರಿಗೆ ಕೆಲಸ ಕೊಡುವ ಯೋಜನೆ ಘೋಷಿಸಿತು. ಒಳ್ಳೆಯದೇ. ಆದರೆ ಕಂಪ್ಯೂಟರ್ ಬಾರದ ಆಟಿಸಂ ಹುಡುಗಿ ನಮ್ಮ ಕೇರಿಯಲ್ಲಿ ಬೀಡಿ ಕಟ್ಟುತ್ತಾಳೆ, ಅವಳ ಬೆಲೆ ಏನು? ನಮ್ಮಲ್ಲಿ ಒಬ್ಬ ಕವಿತೆ ಕಟ್ಟುತ್ತಾನೆ ಅನ್ನುವುದು ಅವನ ಮರ್ಯಾದೆಗೆ ಕೊಟ್ಟ ಬಾಡಿಗೆಯಲ್ಲ. ಪಾರ್ಸೆಲ್ ಹೊರುವವನು ಏನನ್ನೂ ಕಟ್ಟುವುದಿಲ್ಲ, ಯಾವ ಬಹುಮಾನವನ್ನೂ ಗೆಲ್ಲುವುದಿಲ್ಲ. ಕೀಲಿ ಕಳೆಯುತ್ತಾನೆ, ಚೆನ್ನಾಗಿ ನಗುತ್ತಾನೆ. ಅವನೂ ಪೂರಾ ಮನುಷ್ಯ. ದುಡಿಮೆಯ ಅಳತೆಯಲ್ಲಿ ಮನುಷ್ಯನ ಬೆಲೆ ಕಟ್ಟುವವರಿಗೂ ಹುಟ್ಟಿನ ಅಳತೆಯಲ್ಲಿ ಕಟ್ಟುವವರಿಗೂ ತಕ್ಕಡಿ ಮಾತ್ರ ಬೇರೆ.

ಈ ಪತ್ರಿಕೆ ಓದುವ ಗೆಳೆಯರಿಗೂ ಒಂದು ಮಾತಿದೆ, ಸಿಟ್ಟಾಗಬೇಡಿ. ನಮ್ಮ ಕವಿತೆಗಳಲ್ಲಿ ವ್ಯವಸ್ಥೆ ಕುರುಡು, ದೊರೆ ಹುಚ್ಚ, ವಿಮರ್ಶಕ ಬುದ್ಧಿಮಾಂದ್ಯ. ಶತ್ರುವಿಗೆ ಹೊಡೆಯಲು ಎತ್ತಿದ ಆ ಕಲ್ಲು ಮೊದಲು ಬೀಳುವುದು ನಮ್ಮ ಮೇಲೆ. ಶತ್ರುವಿಗೆ ಬೇಕಾದಷ್ಟು ಬೇರೆ ಹೆಸರಿವೆ, ಅವನು ಮಾಡಿದ ಕೆಲಸವೇ ಕೊಟ್ಟದ್ದು. ಒಂದು ಪತ್ರಿಕೆ ನಮ್ಮ ಕವಿತೆಯನ್ನು 'ಮೊದಲು ಕಾಗುಣಿತ ಕಲಿಯಿರಿ' ಅಂತ ಬರೆದು ವಾಪಸು ಕಳಿಸಿತು. ಕವಿತೆಗಳನ್ನು ನಾವು ಈಗ ಫೋನಿಗೆ ಹಾಡುತ್ತೇವೆ, ಗೆಳತಿ ಕೇಳಿ ಬರೆಯುತ್ತಾಳೆ. ನೀಲಗಾರನ ಪದವನ್ನು ಪುಸ್ತಕ ಮಾಡುವಾಗ ವಿದ್ವಾಂಸರು ಮಾಡಿದ್ದೂ ಇದನ್ನೇ. ಅಲ್ಲಿ ಅದಕ್ಕೆ ಜಾನಪದ ಸಂಗ್ರಹ ಅಂತ ಗೌರವದ ಹೆಸರು.

ಮೇಷ್ಟ್ರಾಗಿರುವ ಗೆಳೆಯರೇ, ನಾಳೆ ನಿಮ್ಮ ಕ್ಲಾಸಿನ ಹಿಂದಿನ ಬೆಂಚಿಗೆ ಹೋಗಿ. ಅಲ್ಲಿ ನಮ್ಮ ತಮ್ಮಂದಿರು ತಂಗಿಯರು ಕೂತಿದ್ದಾರೆ. ಪಾಠವನ್ನು ಗಟ್ಟಿಯಾಗಿ ಓದಿ ಹೇಳಿ, ಉತ್ತರವನ್ನು ಬಾಯಲ್ಲಿ ಕೇಳಿ, ಪರೀಕ್ಷೆಯಲ್ಲಿ ಹೆಚ್ಚಿನ ಹೊತ್ತು ಕೊಡಿಸಿ. ೨೦೧೮ರ ಕೇಂದ್ರದ ಮಾರ್ಗಸೂಚಿಯೇ ಗಂಟೆಗೆ ೨೦ ನಿಮಿಷ ಹೆಚ್ಚು ಕೊಡಿ ಅಂದಿತ್ತು. ಕೂರಲಾರದವನನ್ನು ಸೀಮೆಸುಣ್ಣ ತರಲು ಕಳಿಸಿ. ಕಣ್ಣು ನೋಡದವಳ ಮುಖವನ್ನು ಕೈಯಿಂದ ಎತ್ತಬೇಡಿ. ಅವರ ಸ್ಲೇಟು ನೋಡುವ ಮೊದಲು ಅವರು ಹೇಳುವುದನ್ನು ಪೂರ್ತಿ ಕೇಳಿ.